ನೆನಪಿನ ಶೀಶೆ

“ಇನ್ನೊಂದ ಚಮಚಾ. ನುಂಗು,” ಎಂದೆ.

ನನ್ನ ಹೆಂಡತಿ ನೀಲಗಂಗಾ ಕಣ್ಣು ಮುಚ್ಚಿ ನುಂಗಿದಳು. ಗಂಟಲು ಸುಟ್ಟು ಕೆಮ್ಮಿದಳು. ಮಡಿಲಲ್ಲಿದ್ದ ಮೂರು ತಿಂಗಳ ಕೂಸು ಅಲುಗಲಿಲ್ಲ.

“ತಡೀರಿ! ಏನ ಕುಡಸಾಕತ್ತೀರಿ ಕಲ್ಯಾಣಪ್ಪಣ್ಣ?”

ಬಾಗಿಲಲ್ಲಿ ಗುರುಬಾಯಿ ನಿಂತಿದ್ದರು. ಅಕ್ಕಲಕೋಟೆ ದವಾಖಾನೆಯ ನರ್ಸ್. ತಿಂಗಳಿಗೊಮ್ಮೆ ನಮ್ಮ ತಡವಳ ಊರಿಗೆ ಬಂದು ಬಾಣಂತಿಯರನ್ನು ನೋಡಿ ಹೋಗುತ್ತಾರೆ.

“ನೆನಪಿನ ಟಾನಿಕ್ಕರಿ ಬಾಯಾರ. ಸೊಲ್ಲಾಪುರ ಪ್ಯಾಟ್ಯಾಗ ತಂದೀನಿ. ಇಕಿಗಿ ಮರವು ಭಾಳ ಆಗೇತಿ. ನಿನ್ನಿ ಬ್ಯಾಳಿಗಿ ಎರಡ ಸಲ ಉಪ್ಪ ಹಾಕ್ಯಾಳ.”

“ಕೂಸಿನ ಜೋಡಿ ಬುದ್ಧಿನೂ ಹಡದಬಿಟ್ಟಾಳ!” ಒಳಗಿನಿಂದ ನನ್ನ ತಾಯಿ ಅಕ್ಕನಾಗಮ್ಮ ನಕ್ಕಳು. ನಾನೂ ನಕ್ಕೆ.

ಗುರುಬಾಯಿ ಶೀಶೆ ಎತ್ತಿ ಮೂಸಿದರು. “ಇದರ ಮ್ಯಾಲ ಬರದದ್ದು ಓದೀರೇನು?”

ಓದದೆ ಬಿಡುತ್ತೇನೆಯೆ? ಮರಾಠಿ ಸಾಲೆಯಲ್ಲಿ ಎರಡು ವರ್ಷ ಕೂತವನು ನಾನು. ಊರ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದ್ದೆ. ಈಗಲೂ ಗಟ್ಟಿಯಾಗಿ ಓದಿದೆ: “ಮದ್ಯಾರ್ಕ, ನೂರಕ್ಕ ಇಪ್ಪತ್ತು. ಅಂದ್ರ ಮದ್ದಿನ ಅರ್ಕ. ಅದಕ್ಕ ಇಷ್ಟ ಖಾರ ಐತ್ರಿ.”

ಗುರುಬಾಯಿ ನಗಲಿಲ್ಲ.

“ಅದು ನಮ್ಮ ಕನ್ನಡದ ಮದ್ದಲ್ಲಣ್ಣ. ಮದ್ಯಾರ್ಕ ಅಂದ್ರ ಮರಾಠಿಯೊಳಗ ದಾರೂ. ಸಾರಾಯಿ! ಎಷ್ಟ ದಿನ ಆತು ಕುಡಸಾಕತ್ತು?”

“ನಾಕ ದಿನ.”

“ಕೂಸು ಹಿಂಗ ಮಂಪರಿನ್ಯಾಗ ಬಿದ್ದು?”

ಲೆಕ್ಕ ಹಾಕಬೇಕಾಗಲಿಲ್ಲ. “ನಾಕ ದಿನ,” ಎಂದೆ.

“ತಾಯಿ ಕುಡದದ್ದು ಹಾಲಿನ್ಯಾಗ ಇಳೀತೈತಿ.” ಅವರು ಕೂಸಿನ ಅಂಗಾಲು ಚಿವುಟಿದರು. ಅದು ಸಣ್ಣಗೆ ಅತ್ತಿತು. “ಇವತ್ತ ನಿಲ್ಲಸ್ರಿ. ಸಂಜಿತನಕ ಎದ್ದು ಹಾಲ ಕುಡೀಲಿಲ್ಲಂದ್ರ ಗಾಡಿ ಹೂಡಿ ದವಾಖಾನಿಗಿ ತರ್ರಿ.”

ಹೋದ ತಿಂಗಳು ಸಾರಾಯಿ ಅಂಗಡಿಯ ಮುಂದೆ ಕೂತು, ಕುಡಿಯಬೇಡಿರೆಂದು ಜನರ ಕಾಲು ಹಿಡಿದವರಲ್ಲಿ ನಾನೇ ಮೊದಲಿಗ. ಈ ಕೈಯಿಂದಲೇ ಕೂಸಿಗೆ ಸಾರಾಯಿ ಉಣಿಸಿದ್ದೆ.

ಗುರುಬಾಯಿ ನೀಲಗಂಗಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬೆಳ್ಳಗಿತ್ತು. “ಮೈಯಾಗ ರಕ್ತನ ಇಲ್ಲ. ನಿನ್ನಿ ಏನ ಉಂಡಿ ತಂಗಿ?”

“ಇವರ ತಾಟಿನ್ಯಾಗ ಉಳದದ್ದು.”

“ಏನ ಉಳದಿತ್ತು?”

ಅವಳು ನನ್ನ ಕಡೆ ನೋಡಿದಳು. “ಅರ್ಧ ರೊಟ್ಟಿ. ಖಾರ.”

ಪಲ್ಯ, ಮೊಸರು ನಾನು ತಿಂದಿದ್ದೆ. ಉಪ್ಪು ಹೆಚ್ಚಾಯಿತೆಂದು ಬೈಯುತ್ತಲೇ ಬೇಳೆಯನ್ನೂ ಮುಗಿಸಿದ್ದೆ.

“ಎತ್ತಿಗಿ ಹಿಂಡಿ ತಿನ್ನಸ್ತೀರಿ, ಇಕಿಗಿ ಖಾರ. ತಲಿ ಹ್ಯಾಂಗ ನಡೀಬೇಕು? ನೆನಪ ಕೊಡೋ ಶೀಶೆ ಯಾವ ಪ್ಯಾಟ್ಯಾಗೂ ಸಿಗೂದಿಲ್ಲ. ಹೆಸರಕಾಳು, ಬ್ಯಾಳಿ, ರಾಜಗಿರಿ ಪಲ್ಯ, ಶೇಂಗಾ, ಹಾಲು ಹೊಟ್ಟಿತುಂಬ ಕೊಡ್ರಿ. ಮಧ್ಯಾನ ಒಂದ ತಾಸು ಮಲಗಲಿ. ತಿಂಗಳದಾಗ ಮುಖಕ್ಕ ಕಳಿ ಬರಲಿಲ್ಲಂದ್ರ ದವಾಖಾನಿಗಿ ಬರ್ರಿ, ರಕ್ತದ ಔಷಧ ಕೊಡತಾರ.”

“ನಾವೂ ಹಿಂಗ ಉಂಡ ಬಂದೇವಿ,” ತಾಯಿ ಹೊರಗೆ ಬಂದಳು. “ನಮಗೇನಾತು?”

“ಎಷ್ಟ ಹಡದೀರಿ ಆಯಿ?”

“ಏಳು.”

“ಉಳದವ್ರು?”

ತಾಯಿ ನನ್ನೊಬ್ಬನನ್ನು ನೋಡಿದಳು. ಒಳಗೆ ಹೋಗಿ, ಹೆಸರುಕಾಳಿನ ಗಡಿಗೆಯ ಮುಚ್ಚಳ ತೆಗೆದಳು.

ಅಣ್ಣಂದಿರೇ, ಅಕ್ಕಂದಿರೇ, ಈ ನಾಚಿಕೆ ನನ್ನೊಳಗೇ ಇದ್ದರೆ ಯಾರಿಗೂ ಉಪಯೋಗವಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಮರೆಯತೊಡಗಿದರೆ ನಗಬೇಡಿ. ಶೀಶೆ ಕೊಳ್ಳುವ ಮೊದಲು ಅವರು ಏನು ಉಂಡರೆಂದು ಕೇಳಿ, ಎಷ್ಟು ಮಲಗಿದರೆಂದು ಕೇಳಿ. ಶೀಶೆಯ ಮೇಲಿನ ಮಾತು ಅರ್ಥವಾಗದಿದ್ದರೆ ನನ್ನಂತೆ ಜಾಣತನ ತೋರಿಸದೆ ತಿಳಿದವರಿಂದ ಓದಿಸಿ.

ಇಷ್ಟು ಹೇಳಿದ ನಾನು ಒಂದೇ ದಿನದಲ್ಲಿ ತಿದ್ದಿಕೊಂಡೆನೆಂದು ತಿಳಿಯಬೇಡಿ. ಆ ಸಂಜೆ ಕೂಸು ಎದ್ದು ಹಾಲು ಕುಡಿಯಿತು. ಖುಷಿಯಲ್ಲಿ ಊಟಕ್ಕೆ ಕೂತೆ. ಈ ಸಲ ತಾಟಿನಲ್ಲಿ ಪಲ್ಯ ಬಿಟ್ಟೆ, ಕಾಳು ಬಿಟ್ಟೆ, ಮೊಸರನ್ನೂ ಬಿಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ತಾಟನ್ನು ನೀಲಗಂಗಾಳ ಮುಂದೆ ಸರಿಸಿದೆ.

“ಎಲ್ಲಾ ನಿನಗ ಬಿಟ್ಟೀನಿ. ಉಣ್ಣು.”

ಅವಳು ತಾಟು ನೋಡಿದಳು, ನನ್ನನ್ನು ನೋಡಿದಳು.

“ಎಂಜಲ ಒಲ್ಲೆ,” ಎಂದಳು.