ಜಗದೇವಿ ಹುರಿದ ಮಿಶ್ರಿ

ಒಂದು ಹಂಚು ಮಿಶ್ರಿಗೆ ತಗಲುವ ಖರ್ಚು ದೊಡ್ಡದೇನಲ್ಲ. ತಂಬಾಕಿನ ಎಲೆ ಹುಲಸೂರಿನ ಸಂತೆಯಲ್ಲಿ ಪಾವು ಕಿಲೋ ತಂದರೆ ಸಾಕು. ಉರಿಗೆ ತೊಗರಿಕಟ್ಟಿಗೆ, ಅದಕ್ಕೆ ದುಡ್ಡಿಲ್ಲ. ಹುರಿಯುವಾಗ ಏಳುವ ಘಾಟಿಗೆ ಕಣ್ಣು ಮೂಗು ಸುರಿಯುತ್ತವೆ, ಅದಕ್ಕೆ ಯಾರೂ ಬೆಲೆ ಕಟ್ಟಿಲ್ಲ. ಎಲೆ ಕರ್ರಗಾಗಿ ಇನ್ನೇನು ಬೂದಿಯಾಗಬೇಕು ಅನ್ನುವಾಗ ಹಂಚು ಇಳಿಸಬೇಕು. ಕುಟ್ಟಿ, ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಪೇಪರಿನ ಪುಡಿಕೆ ಕಟ್ಟಿದರೆ ಒಂದಕ್ಕೆ ಐದು ರೂಪಾಯಿ.

ಮೋರಖಂಡಿಯ ಆ ಓಣಿಯಲ್ಲಿ ಬೆಳಗಾದರೆ ತೋರುಬೆರಳಿನಿಂದ ಮಿಶ್ರಿ ತಿಕ್ಕದ ಹೆಂಗಸು ಇರಲಿಲ್ಲ. ಹಲ್ಲು ಗಟ್ಟಿಯಾಗುತ್ತವೆ, ತಲೆ ಹಗುರಾಗುತ್ತದೆ, ಹೊಲದಲ್ಲಿ ಬುತ್ತಿ ಬಿಚ್ಚುವ ತನಕ ಹಸಿವು ತಡೆಯುತ್ತದೆ ಎಂದು ಅತ್ತೆಯರು ಸೊಸೆಯರಿಗೆ ಕಲಿಸಿದ್ದು. ಗಂಡಸರು ಬೀಡಿ ಸೇದಿದರೆ ಚಟ, ಹೆಂಗಸರು ಮಿಶ್ರಿ ತಿಕ್ಕಿದರೆ ಮುಖ ತೊಳೆದ ಹಾಗೆ. ಗಂಡ ತೀರಿಕೊಂಡ ಮೇಲೆ ಜಗದೇವಿ ಈ ಪುಡಿಕೆಗಳ ಮೇಲೆಯೇ ಸಂತೆ ಮಾಡಿಕೊಂಡು, ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದಳು.

ಹೊಸ ಹಂಚು ಇಳಿದಾಗ ಮೊದಲ ಚಿಟಿಕೆ ಪಕ್ಕದ ಮನೆಯ ಗಿರಿಜಾಬಾಯಿಯದು. ಅವಳು ಕಣ್ಣು ಮುಚ್ಚಿ ತಿಕ್ಕಿ, ಉಗುಳಿ, ಹೂಂ ಅಂದರೆ ಮಾತ್ರ ಪುಡಿಕೆ ಕಟ್ಟುವುದು. "ಇವತ್ತ ಸುಟ್ಟೀ ನೋಡು, ಯಾರ ಜೋಡಿ ಮಾತಾಡ್ಕೋತ ಕುಂತಿದ್ದಿ?" ಎಂದರೆ ಅಷ್ಟೂ ತಿಪ್ಪೆಗೆ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ಒಂದೇ ಸಾಲಿನಲ್ಲಿ ಸೋಯಾ ಕಳೆ ಕಿತ್ತವರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ನೀರು ಕಾಯಿಸಿದವಳು.

ಸೋಯಾ ರಾಶಿ ಮುಗಿದ ಮೇಲೆ ಊರಿನ ಶಾಲೆಯಲ್ಲಿ ಬಾಯಿ ತೋರಿಸುವ ಕ್ಯಾಂಪು ಆಯಿತು. ಹುಮನಾಬಾದಿನಿಂದ ಡಾಕ್ಟರ ಜೊತೆ ಬಂದಿದ್ದ ಪೂನಂ ಸಿಸ್ಟರು ಟಾರ್ಚು ಹಿಡಿದು ಒಬ್ಬೊಬ್ಬರ ಬಾಯಿ ನೋಡುತ್ತಿದ್ದಳು.

"ಮನ್ಯಾಗ ಬಾಯಿ ಮುಚ್ಚು ಅಂತಾರ, ಇಲ್ಲಿ ನೋಡಿದ್ರ ಬಾಯಿ ತೆಗಿ ಅಂತಾರ," ಎಂದು ಗಿರಿಜಾಬಾಯಿ ಎಲ್ಲರನ್ನೂ ನಗಿಸಿದಳು. ಆದರೆ ಅವಳ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಎಡಗೆನ್ನೆಯ ಒಳಗೆ ಟಾರ್ಚು ನಿಂತಿತು. ಪೂನಂ ನಗಲಿಲ್ಲ, ಡಾಕ್ಟರನ್ನು ಕರೆದಳು.

"ಇದು ಮಿಶ್ರಿ ಕೆಲಸ ನೋಡ್ರಿ," ಎಂದು ಪೂನಂ ಎಲ್ಲರಿಗೂ ಕೇಳುವಂತೆ ಹೇಳಿದಳು. ಹೆಂಗಸರೆಲ್ಲ ಜಗದೇವಿಯ ಕಡೆ ತಿರುಗಿದರು.

"ನಮ್ಮತ್ತಿ ಮುದುಕಿ ಆಗಿ ಸಾಯೂತನಕ ತಿಕ್ಕ್ಯಾಳ್ರೀ ಸಿಸ್ಟರ್. ಒಂದ ಹಲ್ಲೂ ಅಲುಗಿರಲಿಲ್ಲ," ಎಂದಳು ಜಗದೇವಿ.

"ಹಲ್ಲಿಂದಲ್ಲ ಮಾವಶಿ, ನಾ ಹೇಳೂದು ಗಲ್ಲದ್ದು."

ಹುಮನಾಬಾದಿನ ದವಾಖಾನೆಯಲ್ಲಿ ಕೆನ್ನೆಯ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಸಂಜೆ ಗಿರಿಜಾಬಾಯಿಯ ಗಂಡ ಉತ್ತಮ ಜಗದೇವಿಯ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತ.

"ವೈನಿ, ಅದೇ ಬೇಮಾರಿ ಅದ. ಕ್ಯಾನ್ಸರ್. ಕಲಬುರಗಿಯಾಗ ದಿನಾ ಮಷೀನಿನ ಕಿರಣ ಬಿಟ್ಟು ಕರೆಂಟ್ ಕೊಡ್ತಾರಂತ. ಪೂರಾ ಮುಗಿಸಿದ್ರ ಉಳೀತಾಳ, ನಡಬರಕ ಬಿಟ್ರ ಕೈಗೆ ಸಿಗಂಗಿಲ್ಲ ಅಂದಾರ. ಆಕಿಗಿ ಹೆಸರ ಹೇಳಬ್ಯಾಡ್ರಿ. ಹಲ್ಲಿನ ಬೇರಿಗಿ ಕೀವ ಆಗ್ಯಾದ ಅಂತ ಹೇಳೀನಿ."

"ಆಕಿ ಏನ್ ಸಣ್ಣ ಕೂಸೇನ ಉತ್ತಮಣ್ಣ?"

"ನಮ್ಮಣ್ಣಗ ಇದೇ ಬೇಮಾರಿ ಹೆಸರ ಹೇಳಿದ್ರು. ಅವತ್ತೇ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ. ಮತ್ತ ಎದ್ದಿಲ್ಲ." ಉತ್ತಮ ಎದ್ದು ನಿಂತು, ಹೋಗುವ ಮುಂಚೆ ತಿರುಗಿ ನೋಡಿದ. "ಇನ್ನೊಂದ ವೈನಿ, ಆಕಿಗಿ ಮಿಶ್ರಿ ಕೊಡಬ್ಯಾಡ್ರಿ. ಕೈ ಮುಗೀತೀನಿ."

ಜಗದೇವಿ ಒಪ್ಪಿಕೊಂಡಳು. ಆ ಮಾತು ಬಿಸಿ ತುಪ್ಪದಂತೆ ಗಂಟಲಲ್ಲಿ ಉಳಿಯಿತು, ನುಂಗಲೂ ಆಗದು, ಉಗುಳಲೂ ಆಗದು.

ಕಲಬುರಗಿಗೆ ಹೋಗಿ ಬರುವವರಿಗೆಂದು ಯಾರೋ ದಾನಿಗಳು ಒಂದು ಗಾಡಿ ಇಟ್ಟಿದ್ದರು. ಹುಮನಾಬಾದಿನ ಫಿರೋಜ್ ಅದರ ಡ್ರೈವರ್. ನಸುಕಿನಲ್ಲಿ ಹೊರಟು ಹಳ್ಳಿಹಳ್ಳಿಯ ರೋಗಿಗಳನ್ನು ಹತ್ತಿಸಿಕೊಂಡು, ಸಸ್ತಾಪುರ ಬಂಗ್ಲಾದಲ್ಲಿ ಚಹಾ ಕುಡಿಸಿ, ಹುಮನಾಬಾದಿನ ಮೇಲೆ ಹಾದು ಕಲಬುರಗಿ ಮುಟ್ಟಿಸುತ್ತಿದ್ದ. ಗಾಡಿ ಪುಕ್ಕಟೆ, ಕರೆಂಟೂ ಪುಕ್ಕಟೆ. ಪುಕ್ಕಟೆ ಅಲ್ಲದ್ದು ಒಂದೇ: ಹೆಂಡತಿಯ ಜೊತೆ ಹೋಗುವ ದಿನ ಉತ್ತಮನಿಗೆ ಕೂಲಿ ಇಲ್ಲ. ತೊಗರಿ ರಾಶಿಯ ಹಂಗಾಮು ಅದು, ವರ್ಷದಲ್ಲಿ ನಾಲ್ಕು ಕಾಸು ಕಾಣುವ ಕಾಲ.

ಕರೆಂಟು ಶುರುವಾಗಿ ಮೂರು ವಾರ ಆಗುವಷ್ಟರಲ್ಲಿ ಗಿರಿಜಾಬಾಯಿಯ ಬಾಯಿ ಒಳಗೆಲ್ಲ ಸುಟ್ಟಂತಾಯಿತು. ಅಂಬಲಿ ಕುಡಿದರೂ ಕಣ್ಣಲ್ಲಿ ನೀರು. ಗಾಡಿ ಬಾರದ ಒಂದು ಭಾನುವಾರ ಬೆಳಿಗ್ಗೆ ಜಗದೇವಿ ಹಂಚು ಇಟ್ಟಿದ್ದಾಗ ಅವಳು ಗೋಡೆ ಹಿಡಿದುಕೊಂಡು ಬಂದಳು.

"ಒಂದ ಚಿಟಿಕಿ ಕೊಡು ಜಗದೇವಿ."

"ಖಾಲಿ ಆಗ್ಯಾದ."

"ಓಣಿ ತುಂಬ ಘಾಟ ಎಬ್ಬಿಸಿ, ನನಗಷ್ಟ ಖಾಲಿ? ನಾ ರುಚಿ ನೋಡದ ಮಾಲ ಯಾರಿಗಿ ಮಾರ್ತಿ?"

ಜಗದೇವಿ ಒಳಗೆ ಹೋದಳು. ಉತ್ತಮ ಬೇಡ ಅಂದ ಮೇಲೆ ಅವಳು ದಾಳಿಂಬೆ ಸಿಪ್ಪೆ ಒಣಗಿಸಿ, ಕರ್ರಗೆ ಹುರಿದು, ಅದೇ ಬಣ್ಣ ಬರುವಂತೆ ಕುಟ್ಟಿ ಇಟ್ಟುಕೊಂಡಿದ್ದಳು. ಅದನ್ನು ತಂದು ಕೊಟ್ಟಳು. ಗಿರಿಜಾಬಾಯಿ ಬೆರಳಿನ ತುದಿಯಲ್ಲಿ ಇಟ್ಟುಕೊಂಡು, ನಾಲಿಗೆಗೆ ತಾಗಿಸಿ, ಥೂ ಎಂದು ಉಗುಳಿದಳು.

"ಇದೇನ ಒಲಿ ಬೂದಿ ಕೊಟ್ಟೀಯೇ? ನನ್ನ ಬಾಯಿ ಸುಟ್ಟದ ಖರೇ, ಸತ್ತಿಲ್ಲ." ಆಮೇಲೆ ಅವಳ ದನಿ ಸಣ್ಣದಾಯಿತು. "ರಾತ್ರಿ ನಿದ್ದಿ ಇಲ್ಲ ಜಗದೇವಿ. ನೀನೂ ಹಿಂಗ ಮಾಡಿದ್ರ ನಾ ಯಾರ ಕಡಿ ಹೋಗಲಿ?"

ಕೊಡುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಹೆಸರು ಹೇಳಬೇಕು. ಎರಡೂ ಆಗದೆ ಜಗದೇವಿ ಒಂದು ಪುಡಿಕೆ ತೆಗೆದು ಅವಳ ಕೈಯಲ್ಲಿಟ್ಟಳು. ಗಿರಿಜಾಬಾಯಿ ಅಲ್ಲೇ ಕೂತು ಮೆಲ್ಲಗೆ ತಿಕ್ಕಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಹಣೆಯ ಗಂಟು ಸಡಿಲಾಯಿತು.

"ನೋಡು, ಕಲಬುರಗಿ ಕರೆಂಟಿಗಿಂತ ಇದೇ ಛಲೋ," ಎಂದಳು.

ಜಗದೇವಿ ನಗಲು ನೋಡಿದಳು, ಆಗಲಿಲ್ಲ. ಎರಡು ದಿನಕ್ಕೊಮ್ಮೆ ಮತ್ತೊಂದು ಪುಡಿಕೆ ಹೋಯಿತು.

ಅದಾಗಿ ಕೆಲವು ದಿನಕ್ಕೆ ಅವಳು ಬಸವಕಲ್ಯಾಣದ ಬಸ್ಸಿಗೆಂದು ಊರಬಾಗಿಲ ಅಗಸಿಯಲ್ಲಿ ನಿಂತಿದ್ದಾಗ ಫಿರೋಜನ ಗಾಡಿ ಬಂತು. ಅವನು ಹಾರ್ನು ಹೊಡೆದು ಓಣಿಯ ಕಡೆ ನೋಡಿದ.

"ಖಾಲಾ, ಗಿರಿಜಾ ಬಡಿಮಾ ಊರಾಗ ಇಲ್ಲೇನ್ರಿ? ವಾರದ ಮ್ಯಾಲ ಆತು, ಗಾಡಿ ಹತ್ತಿಲ್ಲ. ದಿನಾ ಇಲ್ಲಿ ನಿಂತು ಹಾರ್ನ್ ಹೊಡದು ಹೋಗಾಕತ್ತೀನಿ."

ಜಗದೇವಿ ಓಣಿಯ ಕಡೆ ಓಡಿದಳು. ಗಿರಿಜಾಬಾಯಿಯ ಸೊಸೆ ಮಯೂರಿಯನ್ನು ನೀರಿನ ನಳದ ಹತ್ತಿರ ಹಿಡಿದು ಕೇಳಿದಳು. ಮಯೂರಿ ತಲೆ ತಗ್ಗಿಸಿ ಹೇಳಿದಳು, ಅತ್ತೆಯೇ ಮಾವನನ್ನು ಬೈದು ರಾಶಿಗೆ ಕಳಿಸುತ್ತಾಳೆ, ಮಯೂರಿಯ ಜೊತೆ ಗಾಡಿಗೆ ಹೋಗುತ್ತೇನೆ ಅನ್ನುತ್ತಾಳೆ. ಮಾವ ಹೋದ ಮೇಲೆ ಮಲಗಿಬಿಡುತ್ತಾಳೆ. ನೋವು ಕಡಿಮೆ ಆಗಿದೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ.

ಜಗದೇವಿ ಬಸ್ಸನ್ನು ಬಿಟ್ಟಳು. ನೇರ ಗಿರಿಜಾಬಾಯಿಯ ಹಾಸಿಗೆಯ ಹತ್ತಿರ ಹೋಗಿ ಕೂತಳು.

"ಅದು ಹಲ್ಲಲ್ಲ ಗಿರಿಜಾ. ಕ್ಯಾನ್ಸರ್ ಅದ. ಮಿಶ್ರಿಯಿಂದ ಬಂದದ್ದು."

ಗಿರಿಜಾಬಾಯಿ ಅಳಲಿಲ್ಲ, ಗೋಡೆಯ ಕಡೆ ಮುಖವನ್ನೂ ಮಾಡಲಿಲ್ಲ. ಎದ್ದು ಕೂತು ಸೆರಗು ಸರಿ ಮಾಡಿಕೊಂಡಳು.

"ಯಾರ್ಯಾರಿಗಿ ಗೊತ್ತದ?"

"ಎಲ್ಲಾರಿಗಿ."

"ಬಾಯಿ ನಂದು. ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರಿಗಿ ಗೊತ್ತದ." ಅವಳು ಎಡಗೆನ್ನೆಗೆ ಕೈ ಇಟ್ಟುಕೊಂಡಳು. "ಒಂದ ಹಲ್ಲಿನ ಸಲುವಾಗಿ ಗಂಡನ ರಾಶಿ ಕೂಲಿ ಮುರೀಬಾರದು ಅಂತ ಬಿಟ್ಟೆನಲ್ಲೇ. ಹೆಸರ ಹೇಳಿದ್ರ ನಾ ಬಿಡ್ತಿದ್ದೆನೇನ? ಸುಟ್ರೂ ಹೋಗ್ತಿದ್ದೆ."

ಜಗದೇವಿಯ ಕಡೆ ತಿರುಗಿ ಕೇಳಿದಳು, "ನಿನಗ ಗೊತ್ತಿದ್ದೂ ಪುಡಿಕಿ ಕೊಟ್ಟಿ?"

"ಕೊಟ್ಟೆ."

ಗಿರಿಜಾಬಾಯಿ ಅವಳನ್ನು ಒಂದು ಸಲ ನೋಡಿದಳು. ಆಮೇಲೆ ಮಯೂರಿಗೆ ಸೀರೆ ತೆಗೆದಿಡಲು ಹೇಳಿದಳು. ಮರುದಿನ ಫಿರೋಜ್ ಹಾರ್ನು ಹೊಡೆಯುವ ಮೊದಲೇ ಅಗಸಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಉತ್ತಮ ನಿಂತಿದ್ದ.

ಕಲಬುರಗಿಯ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದರು. ಬೇನೆ ಅಲ್ಲಿಗೂ ಹಬ್ಬಿ ಗಂಟು ಕಟ್ಟಿತ್ತು. ನಡುವೆ ಬಿಟ್ಟ ಕರೆಂಟನ್ನು ಇನ್ನು ಮುಂದುವರಿಸಿ ಫಲವಿಲ್ಲ, ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದರು. ಈ ಸಲ ಅವರು ಗಿರಿಜಾಬಾಯಿಗೇ ಹೇಳಿದರು. ಉತ್ತಮ ಅಡ್ಡ ಬರಲಿಲ್ಲ.

ಅಲ್ಲಿಂದ ಮುಂದೆ ಪೂನಂ ವಾರಕ್ಕೊಮ್ಮೆ ನೋವಿನ ಗುಳಿಗೆ ತಂದು, ಹುಣ್ಣು ತೊಳೆದು ಹೋಗುತ್ತಿದ್ದಳು. ಉಳಿದ ದಿನ ತೊಳೆಯುವುದು ಜಗದೇವಿಯ ಪಾಲಿಗೆ ಬಂತು. ಕೆನ್ನೆ ತೂತಾಗಿ, ಕುಡಿಸಿದ ಗಂಜಿ ಹೊರಗೆ ಸೋರುತ್ತಿತ್ತು. ವಾಸನೆಗೆ ನೆಂಟರು ಹೊಸಿಲು ದಾಟುತ್ತಿರಲಿಲ್ಲ. ಜಗದೇವಿ ಮೂಗಿಗೆ ಸೆರಗು ಕಟ್ಟಿಕೊಳ್ಳದೆ ಕೂತಳು. ಮಿಶ್ರಿಯ ಘಾಟು ಕುಡಿದ ಮೂಗು ಇದನ್ನೂ ಕುಡಿಯಲಿ ಅಂದುಕೊಂಡಳು. ಗಿರಿಜಾಬಾಯಿಗೆ ಮಾತು ಹೋಗಿತ್ತು. ಬೇಕಾದದ್ದನ್ನು ಕೈಯಿಂದ ತೋರಿಸುತ್ತಿದ್ದಳು. ಪುಡಿಕೆಯ ವಿಷಯ ಮತ್ತೆಂದೂ ಎತ್ತಲಿಲ್ಲ. ಕ್ಷಮಿಸಿದಳೋ, ಮಾತಿಲ್ಲದೆ ಬಿಟ್ಟಳೋ, ಜಗದೇವಿಗೆ ತಿಳಿಯಲಿಲ್ಲ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಗಿರಿಜಾಬಾಯಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮೇಲೆ ಜಗದೇವಿ ಉತ್ತಮನ ಮುಂದೆ ನಿಂತು ಪುಡಿಕೆ ಕೊಟ್ಟದ್ದನ್ನು ಹೇಳಿದಳು. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದಳು.

"ಗೊತ್ತದ ವೈನಿ," ಎಂದ ಅವನು. "ನೀವ ಪುಡಿಕಿ ಕೊಟ್ರಿ, ನಾ ಸುಳ್ಳ ಕೊಟ್ಟೆ. ಯಾರಿಗಿ ಯಾರ ಬೈಯೂದು?"

ಜಗದೇವಿ ಹಂಚನ್ನು ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿ ಕೂಲಿಗೆ ಹೊರಟಳು. ಓಣಿಯ ಹೆಂಗಸರು ಮೊದಲು ಬೇಡಿದರು, ಆಮೇಲೆ ಜಗಳಕ್ಕೆ ಬಂದರು. "ಒಬ್ಬಾಕಿ ಸತ್ರ ಊರಿಗೆಲ್ಲ ಉಪಾಸ ಹಾಕ್ತೀಯೇನ?" ಎಂದರು. ಕೊನೆಗೆ ಹುಲಸೂರಿನಿಂದ ಎರಡು ಪಟ್ಟು ಬೆಲೆಗೆ ತರಿಸಿಕೊಂಡರು. ಆ ಮಿಶ್ರಿಯಲ್ಲಿ ಮರಳು ಇರುತ್ತದೆ ಎಂದು ಬೈಯುತ್ತಲೇ ಈಗಲೂ ತಿಕ್ಕುತ್ತಾರೆ.

ಮಯೂರಿ ಒಬ್ಬಳು ಬಿಟ್ಟಳು. ಮುಂದಿನ ಕ್ಯಾಂಪಿನಲ್ಲಿ ಅವಳ ಕೆನ್ನೆಯ ಒಳಗೂ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಸಿಕ್ಕಿತು. ಮಿಶ್ರಿ ಮುಟ್ಟದೆ ಇದ್ದರೆ ಹೋದೀತು, ತಪ್ಪದೆ ತೋರಿಸುತ್ತಿರು ಎಂದಳು ಪೂನಂ. ಮಳೆಗಾಲದ ಹೊತ್ತಿಗೆ ಅದು ಹೋಗಿತ್ತು.

ಗಿರಿಜಾಬಾಯಿ ಹೋದಳು, ಮಯೂರಿಯ ಬಾಯಿ ಉಳಿಯಿತು.