ಬೋರ್ಡಿನಲ್ಲಿ ಕೋಳಿ, ಬಟ್ಟಲಲ್ಲಿ ಕಡಲೆ

ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ಸೌಟು ಹಿಡಿದು ನನಗೆ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಸಸ್ಯಾಹಾರಿಗಳಿಗೆ ನಾನು ಮಾಡುತ್ತಿದ್ದ ಅಡುಗೆ ಸುಲಭದ್ದು. ಕೋಳಿಸಾರಿನ ಪಾತ್ರೆಯಲ್ಲಿ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಮೇಲಿನ ಸಾರನ್ನು ಆಲೂಗಡ್ಡೆಯ ಜೊತೆ ಬಡಿಸುವುದು. "ಅಕ್ಕನ ಕೈರುಚಿಯೇ ಬೇರೆ" ಎಂದು ಬೆರಳು ನೆಕ್ಕಿದ ಸಸ್ಯಾಹಾರಿಗಳೂ ಇದ್ದರು. ನಾನೇನೂ ಮೋಸ ಮಾಡುತ್ತಿರಲಿಲ್ಲ. ತುಂಡು ತೆಗೆದ ಮೇಲೆ ಉಳಿಯುವುದು ತರಕಾರಿಯೇ ಎಂದು ನಿಜವಾಗಿ ನಂಬಿದ್ದೆ.

ಆ ನಂಬಿಕೆಗೆ ಕಲ್ಲು ಹಾಕಿದವಳು ಇಪ್ಪತ್ತೇಳನೇ ನಂಬರಿನ ಹುಡುಗಿ. ಬಂದ ಮೊದಲ ದಿನವೇ ತಟ್ಟೆ ಹಿಡಿದುಕೊಂಡು ಅಡುಗೆಮನೆಯೊಳಗೆ ಬಂದಳು.

"ಅಕ್ಕಾ, ಇದರಲ್ಲಿ ಮೂಳೆ ಇದೆ."

"ತಪ್ಪಿ ಬಂದಿರಬೇಕು. ಕೊಡು, ತೆಗೀತೀನಿ."

"ಮೂಳೆ ತಪ್ಪಿ ಬಂತು, ಸರಿ. ಸಾರು?"

"ಸಾರಿಗೇನಾಗಿದೆ? ಅದಕ್ಕೇನು ರೆಕ್ಕೆ ಇದೆಯಾ?"

ಅವಳು ಸಿಟ್ಟಾಗಲಿಲ್ಲ. "ಎಮ್ಮೆ ಎದ್ದು ಹೋಯ್ತು ಅಂತ ಕೆರೆ ನೀರನ್ನ ಲೋಟದಲ್ಲಿ ಕೊಡ್ತೀರಾ ಅಕ್ಕಾ?" ಎಂದು ತಟ್ಟೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೋದಳು.

ಇಪ್ಪತ್ತೆರಡು ವರ್ಷದ ಕೈರುಚಿ ಒಂದು ಎಮ್ಮೆಯ ಪಾಲಾಯಿತು.

ಅವತ್ತಿನಿಂದ ಅವಳ ಊಟ ಬ್ರೆಡ್ಡು, ಬಾಳೆಹಣ್ಣು. ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ ಕಿಟಕಿಗೆ ನೇತುಹಾಕಿದ್ದಳು. ಹುಡುಗಿಯರು ಅದನ್ನು ನೋಡಿ ಅವಳಿಗೆ 'ಮೊಳಕೆ' ಎಂದು ಹೆಸರಿಟ್ಟರು.

ಮೂರನೇ ವಾರ ಮೊಳಕೆ ಒಂದು ಕೆಂಪು ದಾರ ತಂದು, "ಅಕ್ಕಾ, ಇದನ್ನ ನನ್ನ ತೋಳಿಗೆ ಸುತ್ತಿ ನೋಡಿ" ಎಂದಳು. ಸುತ್ತಿದೆ. ತುದಿಗೆ ತುದಿ ಕೂಡಬೇಕಾದ ದಾರ ಒಂದು ಬೆರಳಿನಷ್ಟು ಒಂದರ ಮೇಲೊಂದು ಬಂತು.

ಅವಳ ಮುಖ ಸಣ್ಣದಾಯಿತು. "ನಮ್ಮಮ್ಮ ಟೈಲರು. ಹೊರಡೋ ದಿನ ಅಳತೆ ತಗೊಂಡು ಈ ದಾರ ಕತ್ತರಿಸಿ ಕೊಟ್ರು. ರಜೆಗೆ ಮುಂಚೆ ಬರ್ತಾರೆ. ದಾರ ಸಡಿಲ ಆಗಿದ್ರೆ ಪೆಟ್ಟಿಗೆ ಕಟ್ಟು, ಮನೆ ಪಕ್ಕದ ಕಾಲೇಜಿಗೆ ಸೇರು ಅಂದಿದಾರೆ."

"ಸೇರಿದ್ರಾಯ್ತು. ಮನೆ ಊಟ ಸಿಗುತ್ತೆ."

"ಅಲ್ಲಿ ಸಸ್ಯಶಾಸ್ತ್ರ ಇಲ್ಲ ಅಕ್ಕಾ. ಟೈಪಿಂಗ್ ಇದೆ."

ತಿನ್ನುವುದೂ ಸೊಪ್ಪು, ಓದುವುದೂ ಸೊಪ್ಪು. ಇಂಥವಳನ್ನು ಟೈಪಿಂಗಿಗೆ ಕೂರಿಸುವುದು ನನಗೂ ಸರಿಕಾಣಲಿಲ್ಲ. ವಾರ್ಡನ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಕೆಟ್ಟವರಲ್ಲ. ಆದರೆ ಮನುಷ್ಯರಿಗಿಂತ ನಿಯಮಗಳ ಜೊತೆ ಅವರಿಗೆ ಸಲಿಗೆ ಜಾಸ್ತಿ.

"ಬೇರೆ ಪಾತ್ರೆ ಇಡಬೇಕು ಅಂದ್ರೆ ಹತ್ತು ಜನ ಬೇಕು. ಈ ವರ್ಷ ಬರೆಸಿರೋದು ಒಂದೇ ಹೆಸರು," ಎಂದರು. "ನೀನೊಬ್ಬಳೇ ಹತ್ತು ಜನರಷ್ಟು ಸಸ್ಯಾಹಾರಿ ಆಗಿದ್ರೂ ಒಂದೇ ಲೆಕ್ಕ ಕಣಮ್ಮ."

ಮೊಳಕೆ ಎರಡು ದಿನ ರೂಮು ರೂಮು ಸುತ್ತಿ ಒಂಬತ್ತು ಜನರನ್ನು ತಂದಳು. ಒಬ್ಬಳಿಗೆ ಹೊಟ್ಟೆ ಕೆಟ್ಟಿತ್ತು. ಒಬ್ಬಳು ಪಂದ್ಯದಲ್ಲಿ ಸೋತಿದ್ದಳು. ಒಬ್ಬಳ ಮನಸ್ಸು ಕದ್ದವನು ಮಾಂಸ ಮುಟ್ಟುತ್ತಿರಲಿಲ್ಲವಂತೆ. ಇನ್ನೊಬ್ಬಳು ಓಟದ ಹುಡುಗಿ. ಮೈ ಹಗುರವಾದರೆ ಕಾಲು ಹಗುರವಾಗುತ್ತದೆ ಎಂದು ಅವಳ ಕೋಚ್ ಹೇಳಿದ್ದ. ಉಳಿದವರು ಮೊಳಕೆಯ ಕಾಟ ತಾಳಲಾರದೆ ಸಹಿ ಹಾಕಿದವರು. ಊಟದ ಕೋಣೆಯ ಬೋರ್ಡಿನಲ್ಲಿ 'ಸಸ್ಯಾಹಾರ' ಎಂಬ ಸಾಲಿನ ಕೆಳಗೆ ಹತ್ತು ಹುಡುಗಿಯರ ನಂಬರು ಬಿತ್ತು.

ಪಾತ್ರೆ ಬಂತು. ಅದರಲ್ಲಿ ಏನು ಬೇಯಿಸಬೇಕೆಂದು ಮಾತ್ರ ನನಗೆ ತಿಳಿಯಲಿಲ್ಲ. ಮಗಳ ವಯಸ್ಸಿನ ಹುಡುಗಿಯಿಂದ ಕಲಿಯುವುದು ನಾಚಿಕೆಯ ವಿಷಯವೇ. ಹಸಿದ ಹುಡುಗಿಗೆ ಬೆಂದ ಆಲೂಗಡ್ಡೆ ಕೊಟ್ಟು ಕೈತೊಳೆದುಕೊಳ್ಳುವುದು ಅದಕ್ಕಿಂತ ನಾಚಿಕೆ. ಅವಳಿಂದಲೇ ಹೇಳಿಸಿಕೊಂಡೆ. ಕಡಲೆಕಾಳನ್ನು ಹಿಂದಿನ ದಿನವೇ ನೆನೆಹಾಕಬೇಕು. ಈರುಳ್ಳಿ ಕಂದುವವರೆಗೆ ಬಾಡಿಸುವ ತಾಳ್ಮೆ ಇರಲಿ. ಸೊಪ್ಪನ್ನು ಕೊನೆಗೆ ಹಾಕಬೇಕು, ಅದಕ್ಕೂ ಒಂದು ಬಣ್ಣವಿದೆ. ಇಳಿಸಿದ ಮೇಲೆ ನಿಂಬೆರಸ, ಹುರಿದ ಕಡಲೆಕಾಯಿ ಬೀಜದ ಪುಡಿ. ಕಾಳಿನ ಜೊತೆ ಅನ್ನವೋ ರೊಟ್ಟಿಯೋ ಇರಲೇಬೇಕು, ಎರಡೂ ಸೇರಿದರೆ ಮೈಗೆ ಹತ್ತುತ್ತದೆ, ಮೇಲೊಂದು ಬಟ್ಟಲು ಮೊಸರು.

ತಪ್ಪು ನಡೆದದ್ದು ಇಲ್ಲೇ. ಅಡುಗೆ ಚೆನ್ನಾಗಿ ಆಯಿತು.

ಹೊಟ್ಟೆ ಕೆಟ್ಟಿದ್ದವಳು ವಾಸಿಯಾದ ಮೇಲೂ ಬೋರ್ಡಿನಿಂದ ಇಳಿಯಲಿಲ್ಲ. ಮನಸ್ಸು ಕದ್ದವನು ಬಿಟ್ಟುಹೋದ, ಕಡಲೆಕಾಳನ್ನು ಅವಳು ಬಿಡಲಿಲ್ಲ. ಕೋಳಿ ತಿನ್ನುವವರು ತಮ್ಮ ಬಟ್ಟಲು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ತಟ್ಟೆ ಚಾಚಿ, "ಒಂದೇ ಸೌಟು ಅಕ್ಕಾ, ರುಚಿ ನೋಡೋಕೆ" ಎನ್ನತೊಡಗಿದರು. ನಲವತ್ತು ಜನ ರುಚಿ ನೋಡಿದರೆ ಹತ್ತು ಜನರ ಪಾತ್ರೆ ಎಲ್ಲಿ ಉಳಿದೀತು? ವಾರ್ಡನ್ ಮೇಡಂ ಕೂಡ ದಿನಾ ಪರೀಕ್ಷೆ ಮಾಡುತ್ತಿದ್ದರು, ಎರಡು ಸೌಟು.

ಮೊಳಕೆಗೆ ಒಂದೂವರೆವರೆಗೆ ಲ್ಯಾಬು. ಅವಳು ಬರುವಾಗ ಪಾತ್ರೆಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮತ್ತೆ ಬ್ರೆಡ್ಡು, ಬಾಳೆಹಣ್ಣು. ದಾರ ಎರಡು ಬೆರಳು ಸಡಿಲವಾಯಿತು.

"ಊಟಕ್ಕೆ ದಾರಿ ತೋರಿಸಿದವಳಿಗೇ ಊಟ ಇಲ್ಲವಲ್ಲೇ," ಎಂದೆ.

"ಇದನ್ನೂ ಪಾಠದಲ್ಲಿ ಓದಿದೀನಿ ಅಕ್ಕಾ. ಗಿಡ ಚೆನ್ನಾಗಿ ಬಂದಷ್ಟೂ ಹುಳ ಜಾಸ್ತಿ," ಎಂದಳು.

ಒಂದು ದಿನ ಅವಳ ಪಾಲನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟೆ. ಮೇಡಂ ಕಣ್ಣಿಗೆ ಬಿತ್ತು. "ಪಾತ್ರೆಯಿಂದ ಯಾರಿಗೂ ಎತ್ತಿಡೋ ಹಾಗಿಲ್ಲ. ಹೆಸರು ಹಿಡಿದು ಎತ್ತಿಡೋದು ಮಾಂಸ ಮಾತ್ರ," ಎಂದು ನಿಯಮ ಓದಿ ಹೇಳಿದರು. ಅದು ನಿಜವೇ. ಕೋಳಿ ಎಣಿಸಿದ ತುಂಡು. ಒಬ್ಬಳದು ಇನ್ನೊಬ್ಬಳು ತಿಂದರೆ ಜುಟ್ಟು ಹಿಡಿದು ಜಗಳ. ಹಾಗಾಗಿ ಕೋಳಿ ತಿನ್ನುವವರಿಗೆ ನಂಬರು ಹಾಕಿದ ಮುಚ್ಚಳದ ಬಟ್ಟಲು. ಎಷ್ಟು ಹೊತ್ತಿಗೆ ಬಂದರೂ ಅದು ಅವರಿಗಾಗಿ ಕಾದಿರುತ್ತದೆ. ಕಾಳಿಗೆ ಆ ಮರ್ಯಾದೆ ಇಲ್ಲ.

ಮೇಡಂ ಹೋದ ಮೇಲೆ ಆ ಮುಚ್ಚಳಗಳನ್ನೇ ನೋಡುತ್ತಾ ನಿಂತೆ. ಸಂಜೆ ಮೊಳಕೆಯನ್ನು ಕರೆದೆ.

"ನಾಳೆಯಿಂದ ನೀನು ಕೋಳಿ ತಿನ್ನೋಳು."

"ಅಕ್ಕಾ?"

"ಬೋರ್ಡಿನ ಮೇಲೆ ಕಣೇ. ಬಟ್ಟಲಿಗೆ ಏನು ಹಾಕಬೇಕು ಅಂತ ನಂಗೆ ಗೊತ್ತು."

ಅವಳು ಬಿಟ್ಟ ಜಾಗಕ್ಕೆ ಬರಲು ಜನ ಸಾಲಾಗಿ ನಿಂತಿದ್ದರು, ಹತ್ತು ಹತ್ತಾಗಿಯೇ ಉಳಿಯಿತು. ಮೇಡಂ ಬೋರ್ಡು ತಿದ್ದುತ್ತಾ, "ಕೊನೆಗೂ ಆ ಹುಡುಗಿಗೆ ಬುದ್ಧಿ ಬಂತು," ಎಂದು ಸಂತೋಷಪಟ್ಟರು. ಇಪ್ಪತ್ತೇಳನೇ ಬಟ್ಟಲಿನಲ್ಲಿ ದಿನಾ ಕಡಲೆ, ಬೇಳೆ, ಸೊಪ್ಪು, ಭದ್ರವಾಗಿ ಮುಚ್ಚಿ. ಅವಳ ಪಾಲಿನ ಕೋಳಿತುಂಡು ಓಟದ ಹುಡುಗಿಯ ಅನ್ನದ ಅಡಿಯಲ್ಲಿ ಹೋಗಿ ಮಲಗುತ್ತಿತ್ತು. ಸಸ್ಯಾಹಾರಿಗಳ ಸಾಲಿನಲ್ಲಿ ಈಗ ಮೊದಲ ನಂಬರು ಆ ಓಟದ ಹುಡುಗಿಯದೇ. ಇಡೀ ಹಾಸ್ಟೆಲಿನ ಒಬ್ಬಳೇ ನಿಜವಾದ ಸಸ್ಯಾಹಾರಿ ಮಾಂಸಾಹಾರದ ಸಾಲಿನಲ್ಲಿ.

ಎರಡು ತಿಂಗಳಲ್ಲಿ ದಾರದ ತುದಿಗಳು ಕೂಡಿದವು. ಆಮೇಲೆ ದಾರವೇ ಬಿಗಿಯಾಯಿತು.

ರಜೆಗೆ ನಾಲ್ಕು ದಿನ ಮುಂಚೆ, ಮೊಳಕೆ ಲ್ಯಾಬಿನಿಂದ ಊಟಕ್ಕೆ ಬಂದ ಹೊತ್ತಿಗೇ, ಅವಳ ಅಮ್ಮ ಬಂದರು. ಕೊರಳಲ್ಲಿ ಅಳತೆ ಟೇಪು, ಬಗಲಲ್ಲಿ ಚೀಲ. ಮಗಳನ್ನು ಕಂಡು ಮೊದಲು ಮಾಡಿದ ಕೆಲಸ ತೋಳು ಹಿಡಿದು ದಾರ ಸುತ್ತಿದ್ದು. ದಾರ ಅರ್ಧ ಇಂಚು ಸಾಲಲಿಲ್ಲ. ಆಕೆಯ ಮುಖ ಇನ್ನೇನು ಅರಳಬೇಕು, ಕಣ್ಣು ಬೋರ್ಡಿನ ಮೇಲೆ ಹೋಯಿತು. ಇಪ್ಪತ್ತೇಳು ಯಾವ ಸಾಲಿನಲ್ಲಿದೆ ಎಂದು ಎರಡು ಸಲ ಓದಿದರು.

"ಮೈ ಬಂದದ್ದು ಯಾಕೆ ಅಂತ ಗೊತ್ತಾಯ್ತು," ಎಂದರು. ದನಿ ಏರಲಿಲ್ಲ, ಅದೇ ಭಯವಾಗಿದ್ದು. "ಪೆಟ್ಟಿಗೆ ಕಟ್ಟು."

"ಅಮ್ಮಾ, ಅದು ಹಾಗಲ್ಲ..."

"ಸೊರಗಿದ್ರೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಮಾಂಸ ಮುಟ್ಟಲ್ಲ ಅಂತ ಸುಳ್ಳು ಹೇಳಿದ್ರೆ ಬಿಟ್ಟು ಹೋಗ್ತೀನಿ ಅಂದಿದ್ನಾ?"

ಮೊಳಕೆ ನನ್ನ ಕಡೆ ನೋಡಿದಳು. ಪಕ್ಕದ ಮೇಜಿನಲ್ಲೇ ವಾರ್ಡನ್ ಮೇಡಂ ಊಟ ಮಾಡುತ್ತಿದ್ದರು. ನಿಜ ಹೇಳಿದರೆ ನನ್ನ ಕೆಲಸಕ್ಕೆ ಸಂಚಕಾರ ಎಂದು ಆ ಹುಡುಗಿಗೆ ಗೊತ್ತಿತ್ತು. ಟೈಪಿಂಗ್ ಕಲಿಯಲು ಸಿದ್ಧಳಾಗಿಯೇ ನಿಂತಿದ್ದಳು.

ನಾನು ಇಪ್ಪತ್ತೇಳನೇ ಬಟ್ಟಲು ತಂದು ಮೇಜಿನ ಮೇಲಿಟ್ಟು, ಎಲ್ಲರೆದುರು ಮುಚ್ಚಳ ತೆಗೆದೆ. ಕಡಲೆಕಾಳು, ಹಸಿರು ಮಾಸದ ಸೊಪ್ಪು.

"ಇದು ನಿಮ್ಮ ಮಗಳು ತಿನ್ನೋ ಕೋಳಿ ಕಣಮ್ಮ. ನೋಡಿ, ರೆಕ್ಕೆ ಎಲ್ಲಿದೆ ಹುಡುಕಿ."

ವಾರ್ಡನ್ ಮೇಡಂ ಎದ್ದು ಬಂದರು. ಬಟ್ಟಲು ನೋಡಿದರು, ಬೋರ್ಡು ನೋಡಿದರು. "ಇದು ನಿಯಮದ ಪ್ರಕಾರ..." ಎಂದು ಶುರುಮಾಡಿದರು.

"ಮೇಡಂ, ಗಲ್ಲದ ಮೇಲೆ ಕಡಲೆಕಾಳು ಅಂಟಿದೆ," ಎಂದೆ.

ಅವರು ಒರೆಸಿಕೊಂಡರು. "ಒಂದೇ ನಂಬರನ್ನ ಎರಡನೇ ಸಲ ತಿದ್ದಬೇಕು ಅಂದ್ರೆ ಪ್ರಿನ್ಸಿಪಾಲರ ಸಹಿ ಬೇಕು. ಹಾಗೇ ಇರಲಿ ಬಿಡಿ," ಎಂದು ತಟ್ಟೆಯ ಹತ್ತಿರ ಹೋದರು.

ಅಮ್ಮ ಒಂದು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಮಗಳ ಅಂಗಿಯ ತೋಳು ಮಡಚಿ, ಚೀಲದಿಂದ ಸಣ್ಣ ಕತ್ತರಿ ತೆಗೆದು, ಒಳಗಿನ ಹೊಲಿಗೆ ಬಿಚ್ಚತೊಡಗಿದರು. ಹೊಲಿಗೆಯ ಆಚೆ ಇನ್ನೂ ಎರಡು ಇಂಚು ಹೊಸ ಬಟ್ಟೆ ಮಡಿಸಿಟ್ಟಿತ್ತು, ಬಣ್ಣವೂ ಮಾಸಿರಲಿಲ್ಲ.

ಮಗಳು ಅದನ್ನೇ ನೋಡಿದಳು. "ನಾನು ಮೈ ತುಂಬ್ಕೋತೀನಿ ಅಂತ ಹೊಲಿಯೋವಾಗಲೇ ಬಿಟ್ಟಿದ್ಯಾ? ಮತ್ತೆ ಕರ್ಕೊಂಡು ಹೋಗ್ತೀನಿ ಅಂತ ದಾರ ಕೊಟ್ಟಿದ್ದು ಯಾಕೆ?"

"ದಾರ ಕೊಡದೆ ಇದ್ರೆ ಹೊತ್ತಿಗೆ ಸರಿಯಾಗಿ ತಿನ್ನೋಕೆ ಇಷ್ಟು ಒದ್ದಾಡ್ತಿದ್ಯಾ? ಅಲ್ಲಾಡಬೇಡ, ಚುಚ್ಚುತ್ತೆ."

ಸೂಜಿಗೆ ಪೋಣಿಸಿದ್ದು ಅದೇ ಕೆಂಪು ದಾರ. ಹೊಲಿದು ಮುಗಿಸಿ, ತುದಿಯನ್ನು ಹಲ್ಲಿನಿಂದ ಕತ್ತರಿಸಿ, ನನ್ನ ಕಡೆ ತಿರುಗಿದರು.

"ನಂಗೂ ಹಸಿವಾಗ್ತಿದೆ ಅಕ್ಕಾ. ಇದೇ ಒಂದು ಸೌಟು ಸಿಗುತ್ತಾ?"

ಪಾತ್ರೆ ಬಗ್ಗಿಸಿ ನೋಡಿದೆ. ತಳ ಹೊಳೆಯುತ್ತಿತ್ತು. ಮೊಳಕೆ ತನ್ನ ಬಟ್ಟಲನ್ನು ಅಮ್ಮನ ಮುಂದೆ ಸರಿಸಿ, ಬ್ರೆಡ್ಡಿನ ಡಬ್ಬಿಗೆ ಕೈಹಾಕಿದಳು.