ನಮ್ಮವರು ಎಂಬ ಒಬ್ಬ ಸದಸ್ಯ

೧

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿನಿಂದ ಮಾಡಿದರೆ ಬೆಂಗಳೂರಿನ ಕಥೆ ಅಂದುಕೊಳ್ಳುತ್ತೀರಿ. ಕಲ್ಲಿನಿಂದ ಮಾಡಿದರೆ ಪುಟ ತಿರುವಿಬಿಡುತ್ತೀರಿ. ಹೋಗಲಿ, ಹೀಗೆ ಮಾಡೋಣ: ೧೯೮೬, ಶಹಾಬಾದಿನ ಹತ್ತಿರ ಒಂದು ಕಲ್ಲಿನ ಖಣಿ. ವಿಠೋಬಾ ಎಂಬವನಿಗೆ ಕಲ್ಲಿನ ಧೂಳು ಎದೆಗೆ ಕೂತು ಒಂಬತ್ತು ತಿಂಗಳಿಂದ ಮಲಗಿದ ಹೊರಸೇ ಗತಿ. ಅವನ ಬದಲಿಗೆ ಹೆಂಡತಿ ಅನಸುಬಾಯಿ ಖಣಿಗೆ—

"ಯಾರ್ರೀ ನೀವು?" ಎಂದಳು ಅನಸುಬಾಯಿ. ವಾಕ್ಯ ಮುಗಿಸಲೂ ಬಿಡಲಿಲ್ಲ. "ಮೊದ್ಲೇ ಅವರ ಉಸಿರು ಸಣ್ಣ ಆಗ್ಯಾದ. ಹೆಸರು ಹಿಂಗ ಕಂಡಕಂಡಲ್ಲಿ ಒಗೀತೀರಲ್ಲ, ಹೊಡದ ಹಾಕ್ರಿ ಅದನ್ನ!"

(ಆಮೇಲೆ ಹೊಡೆದುಹಾಕುತ್ತೇನೆ ಎಂದೆ. ಲೇಖಕರು ಹೀಗೆ ಬಹಳ ಹೇಳುತ್ತಾರೆ.)

೨

ಡ್ರಾಫ್ಟ್ ಎರಡು. ಈ ಖಣಿಗೆ ಮಾಲೀಕನಿಲ್ಲ, ಮೇಸ್ತ್ರಿಯೂ ಇಲ್ಲ. ನಲವತ್ತು ಜನ ಸೇರಿ ಕಟ್ಟಿದ ಸಂಘ. ಕೆಲಸವೆಲ್ಲ ಪಾಳಿಯ ಪ್ರಕಾರ. ಒಬ್ಬೊಬ್ಬರಿಗೂ ಒಂದು ಕಲ್ಲಿನ ಬಿಲ್ಲೆ, ಅದರ ಮೇಲೆ ಅವರವರ ಗುರುತು ಕೆತ್ತಿದ್ದು. ಅಧ್ಯಕ್ಷ ಹಾಜಿಸಾಬ ಬೇವಿನ ಮರದ ಕೆಳಗೆ ಬಿಲ್ಲೆಗಳನ್ನು ಸಾಲಾಗಿ ಇಡುತ್ತಿದ್ದ. ನಿಮ್ಮ ಬಿಲ್ಲೆ ಮುಂದೆ ಬಂತೋ, ಇವತ್ತು ನಿಮ್ಮ ಪಾಳಿ. ಗಂಡ ಮಲಗಿದರೆ ಹೆಂಡತಿ ಬದಲಿ ಬರಬಹುದು. ಯಾರೂ ಯಾರ ಹೆಸರನ್ನೂ ಕೂಗಬೇಕಾಗಿರಲಿಲ್ಲ.

ಆದರೆ ಹಾಜಿಸಾಬ ಅಳಿಯನ ಬಿಲ್ಲೆ ಮುಂದೆ ತಳ್ಳುತ್ತಾನೆಂದು ಗುಸುಗುಸು ಹುಟ್ಟಿತು. ಮುದುಕನಿಗೆ ರೇಗಿತು. "ಮಷೀನಿಗೆ ಅಳಿಯ ಇರಂಗಿಲ್ಲ. ಅದೇ ಪಾಳಿ ಹಚ್ಚಲಿ," ಎಂದ. ಗುಲಬರ್ಗಾದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ವಾರವಾರ ಪಟ್ಟಿ ಪ್ರಿಂಟ್ ಹಾಕಿಸುವುದೆಂದು ಎಲ್ಲರೂ ಕೈಯೆತ್ತಿ ಒಪ್ಪಿದರು. ಅನಸುಬಾಯಿಯೂ ಎತ್ತಿದಳು. (ಅಲ್ಲಿದ್ದರೆ ನಾನೂ ಎತ್ತುತ್ತಿದ್ದೆ.)

೩

ಕಂಪ್ಯೂಟರಿಗೆ ಕೊಡುವ ಫಾರಂ ತುಂಬಲು ಚಿಂಚೋಳಿಯಿಂದ ಖಾಜಾ ಎಂಬ ಹೊಸ ಗುಮಾಸ್ತ ಬಂದ. ಅವನಿಗಿದ್ದ ಹುಕುಂ ಒಂದೇ: ಏನು ಹೇಳುತ್ತಾರೋ ಅದನ್ನೇ ಬರಿ.

"ಯಾರ ಬದಲಿ ಬಂದೀರಿ ಅಕ್ಕಾ?"

"ನಮ್ಮವರದು," ಎಂದಳು ಅನಸುಬಾಯಿ.

ಬರೆದ: ನಮ್ಮವರು. ಅವಳ ಹಿಂದೆ ಯಂಕಮ್ಮ: "ನಮ್ಮವರದು." ಅವಳ ಹಿಂದೆ ಲಲಿತಾಬಾಯಿ, ಇನ್ನೂ ನಾಲ್ವರು. ಎಲ್ಲರ ಗಂಡಂದಿರೂ ಧೂಳಿಗೆ ಎದೆ ಕೊಟ್ಟು ಮಲಗಿದವರು. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಹೆಂಗಸರು. ಏಳು ಫಾರಂ, ಏಳರಲ್ಲೂ ನಮ್ಮವರು!

ಕಂಪ್ಯೂಟರ್ ಭಾರೀ ಜಾಣ. ಏಳೂ ಒಬ್ಬನೇ ಎಂದು ತಿಳಿದು ಒಂದೇ ಪಾಳಿ ಕೊಟ್ಟಿತು, ತಮ್ಮ ಹೆಸರಿನ ಫಾರಂ ಇಲ್ಲದ ಏಳು ಗಂಡಂದಿರನ್ನು ಗೈರುಹಾಜರು ಎಂದಿತು. ಮೂರು ಪಟ್ಟಿಯಲ್ಲಿ ಗೈರಾದರೆ ಸದಸ್ಯತ್ವ ರದ್ದು. ಇದೂ ಅವರೇ ಕೈಯೆತ್ತಿ ಮಾಡಿಕೊಂಡ ನಿಯಮ. ಎರಡು ಪಟ್ಟಿ ಆಗಿಹೋಗಿವೆ. ಮೂರನೆಯದಕ್ಕೆ ಖಾಜಾ ಗುಲಬರ್ಗಾಕ್ಕೆ ಹತ್ತು ಗಂಟೆಯ ಪ್ಯಾಸೆಂಜರ್ ರೈಲು ಹಿಡಿಯಬೇಕು. ಈಗ ಒಂಬತ್ತೂಕಾಲು.

೪

ತಿದ್ದುಪಡಿಗೆ ದಾರಿ ಇದೆ. ಸದಸ್ಯನೇ ಬರಬೇಕು, ಇಲ್ಲವೇ ಬದಲಿಯವರು ಅವನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಕಿವಿಯಾರೆ ಕೇಳಿದೆನೆಂದು ಗುಮಾಸ್ತ ಸಹಿ ಹಾಕಬೇಕು. ಸುಳ್ಳು ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಖಾಜಾನಿಗೆ ಈಗ ಏಳೂ ಹೆಸರು ಗೊತ್ತು. ಗೊತ್ತಿದ್ದು ಏನುಪಯೋಗ?

"ಮೆಲ್ಲಕ ಒಂದ್ಸಲ ಅಂದುಬಿಡ್ರಿ ಅಕ್ಕಾ. ಗಾಡಿ ಟೈಮ್ ಆಗಾಕತ್ತದ."

"ಮುಂಜಾನಿ ಎದ್ದು ಮೂಗಿನ ಮುಂದ ಕೈ ಹಿಡದು, ಉಸಿರದ ಅಂತ ನೋಡಿ ಬಂದೀನಿ ತಮ್ಮಾ. ನನ್ನ ಬಾಯಿಲೆ ಅನಸಬ್ಯಾಡ."

ನಾನು ಪೆನ್ನು ಕೆಳಗಿಟ್ಟೆ. (ಆಧುನಿಕೋತ್ತರ ಲೇಖಕರು ಪಾತ್ರಗಳ ಮಾತಿಗೆ ಹಾಗೆ ಕರಗಬಾರದಂತೆ. ಆಯಿತು, ಏನು ಮಾಡಲಿ.)

೫

ಅಂತ್ಯ ಒಂದು: ಅವಳು ಹೆಸರು ಹೇಳುತ್ತಾಳೆ. ಪಾಳಿ ಉಳಿಯುತ್ತದೆ, ಗಂಡ ಬದುಕುತ್ತಾನೆ, ಮೂಢನಂಬಿಕೆ ಸಾಯುತ್ತದೆ. ಬಹುಮಾನ ಬರುವಂಥ ಅಂತ್ಯ.

"ಅವರು ಸತ್ರ ಮತ್ತೊಂದ್ ಡ್ರಾಫ್ಟ್ ಬರೀತೀರೇನ್ರಿ?" ಎಂದಳು ಅನಸುಬಾಯಿ. ಹಾಳೆ ಹರಿದೆ.

ಅಂತ್ಯ ಎರಡು: ಹಾಜಿಸಾಬ ಪಟ್ಟಿಯನ್ನು ಬಿಸಾಕಿ ಮತ್ತೆ ಬಿಲ್ಲೆ ಸಾಲಿಡುತ್ತಾನೆ. ಇದಕ್ಕೆ ಹಾಜಿಸಾಬನೇ ಒಪ್ಪಲಿಲ್ಲ. "ಮತ್ತ ಅಳಿಯನ ಮಾತು ಕೇಳ್ಕೋತ ಕುಂದ್ರಬೇಕೇನು ನಾನು? ಹೋಗ್ರಿ, ಹೋಗ್ರಿ."

೬

ಒಂಬತ್ತು ಐವತ್ತು. ಅನಸುಬಾಯಿ ಸೆರಗಿನ ಗಂಟು ಬಿಚ್ಚಿ, ಪಟ್ಟಿ ಶುರುವಾದ ಮೇಲೆ ಹಾಜಿಸಾಬ ವಾಪಸು ಕೊಟ್ಟಿದ್ದ ಗಂಡನ ಬಿಲ್ಲೆ ತೆಗೆದಳು. ಅದನ್ನು ಖಾಜಾನ ಸ್ಟ್ಯಾಂಪ್ ಪ್ಯಾಡಿಗೆ ಅದ್ದಿ, ಫಾರಮಿನಲ್ಲಿ ಹೆಸರಿನ ಜಾಗಕ್ಕೆ ಒತ್ತಿದಳು. ನೀಲಿಯ ನಡುವೆ ಬೆಳ್ಳಗೆ ಒಂದು ಕುಡಗೋಲಿನ ಗುರುತು ಮೂಡಿತು. ಉಳಿದ ಆರು ಜನ ಅವಳ ಹಿಂದೆ ಬಿಲ್ಲೆ ಹಿಡಿದು ನಿಂತರು.

"ಇದನ್ನ ಮಷೀನ್ ಓದಂಗಿಲ್ಲ ಅಕ್ಕಾ."

"ನೀ ಓದ್ತೀಯಲ್ಲ. ಓದು."

ಖಾಜಾ ಓದಿದ, ತುಟಿ ಅಲ್ಲಾಡಿದ್ದು ಕಂಡಿತು. ಪೆನ್ನಿನ ಟೋಪಿ ತೆಗೆದ. ಸಹಿ ಹಾಕಿದರೆ ಅವನ ಕೆಲಸ ಹೋಗುತ್ತದೆ, ಹಾಕದಿದ್ದರೆ ಏಳು ಮನೆಯ ಪಾಳಿ. ಪ್ಯಾಸೆಂಜರಿನ ಸೀಟಿ ಕೇಳಿಸಿತು.

"ನೀವರೆ ಬರೀರಿ ಸಾಹೇಬ್ರ, ನಾ ಏನ್ ಮಾಡ್ಲಿ?" ಎಂದು ನನ್ನ ಕಡೆ ತಿರುಗಿದ.

ನಾನು ಬರೆಯುವುದಿಲ್ಲ. ಮೇಸ್ತ್ರಿ ಬೇಡವೆಂದೇ ಇವರು ಸಂಘ ಕಟ್ಟಿದ್ದು. ಕೊಟ್ಟ ಮಾತೊಂದು ಮಾತ್ರ ಬಾಕಿಯಿತ್ತು. ಮೊದಲ ಪ್ಯಾರಾಕ್ಕೆ ಹೋಗಿ ಆ ಹೆಸರನ್ನು ಹೊಡೆದುಹಾಕಿ ಬಂದೆ. ನೀವು ಆಗಲೇ ಓದಿಬಿಟ್ಟಿದ್ದೀರಿ, ಗೊತ್ತು. ಬಾಯಿಬಿಟ್ಟು ಓದಲಿಲ್ಲ ತಾನೆ?